ರವಿಕೆ ಸಡಿಲಾದ ವರ್ಷ

ಹೋದ ತಿಂಗಳು ಚುಂಚನಕಟ್ಟೆ ಹತ್ತಿರದ ನನ್ನ ತವರಿಗೆ ಹೊರಟಿದ್ದೆ. ಕೆ.ಆರ್. ನಗರ ದಾಟಿದ ಸ್ವಲ್ಪ ಹೊತ್ತಿಗೆ ಬಸ್ಸಿನೊಳಕ್ಕೆ ಆಲೆಮನೆಯ ವಾಸನೆ ನುಗ್ಗಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ಹೊತ್ತಿನ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಣ್ಣು ಮುಚ್ಚಿ, ಮೂಗರಳಿಸಿ "ಆಹಾ" ಎಂದಳು. ನನ್ನ ಬಾಯಲ್ಲೂ ನೀರೂರಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೈ ಮಾತ್ರ ತಾನಾಗಿ ಕತ್ತಿನ ಹಿಂಭಾಗಕ್ಕೆ ಹೋಯಿತು. ಬೆಲ್ಲದ ವಾಸನೆ ಬಂದಾಗಲೆಲ್ಲ ನಾನು ಹೀಗೆ ಕತ್ತು ಮುಟ್ಟಿ ನೋಡಿಕೊಳ್ಳುತ್ತೇನೆ. ಹಿಂದೆಯೇ ನಮ್ಮ ಅತ್ತೆಯ ಮುಖ ನೆನಪಿಗೆ ಬರುತ್ತದೆ. ಆಮೇಲೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಕಿಟಕಿ ಮುಚ್ಚಿದೆ, ತೆಗೆದೆ, ಮತ್ತೆ ಮುಚ್ಚಿದೆ.

"ಏನ್ರೀ, ವಾಂತಿ ಬರೋ ಅಂಗದಾ?" ಎಂದು ಆ ಹೆಂಗಸು ಕಾಲು ಮುದುರಿಕೊಂಡಳು.

ಇದಕ್ಕೆಲ್ಲ ಕಾರಣ ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ. ಗಾವಡಗೆರೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಒಂದು ಕೋಣೆ, ಒಂದು ಮೆಷಿನ್ನು, ಗೋಡೆಯಲ್ಲೊಂದು ಕನ್ನಡಿ. ಅಲ್ಲಿಂದ ಎರಡು ಮೈಲಿ ದೂರದ ಹಳ್ಳಿ ನನ್ನ ಗಂಡನ ಮನೆ. ನಮ್ಮದು ಹೊಗೆಸೊಪ್ಪು, ರಾಗಿ ಬೆಳೆಯುವ ಮನೆತನ. ನಾನು ಗದ್ದೆ ಸೀಮೆಯಿಂದ ಬಂದವಳು, ಅನ್ನ ತಿಂದು ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಮುದ್ದೆ ನುಂಗಲಾರದೆ ಅಗಿದು ತಿನ್ನುತ್ತಿದ್ದುದನ್ನು ನೋಡಿ ಅತ್ತೆ ನಿಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ಕಥೆಯನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ.

ಸಕ್ಕರೆ ಕಾಯಿಲೆ ನನಗೆ ಬಂದು ಆಗಲೇ ಆರು ವರ್ಷವಾಗಿತ್ತು. ನನ್ನದು ದಪ್ಪ ಮೈ. ಕತ್ತಿನ ಸುತ್ತ ಆ ಕಾಯಿಲೆಯದೇ ಗುರುತಾದ ಕಪ್ಪು ಪಟ್ಟಿ, ಮಾಸಿದ ಮಖಮಲ್ಲಿನ ಹಾಗೆ. ನಿಂಬೆಹಣ್ಣು ಉಜ್ಜಿದೆ, ಕಡಲೆಹಿಟ್ಟು ಉಜ್ಜಿದೆ, ಒಂದು ದಿನ ಸಿಟ್ಟು ಬಂದು ತೆಂಗಿನ ನಾರಿನಿಂದಲೇ ಉಜ್ಜಿ ಗಾಯ ಮಾಡಿಕೊಂಡೆ. ಅದು ಕೊಳೆಯಾಗಿದ್ದರೆ ತಾನೆ ಹೋಗಲಿಕ್ಕೆ! ಊರ ಹೆಣ್ಣುಮಕ್ಕಳಿಗೆಲ್ಲ ಬೆನ್ನು ಕಾಣುವ ಡೀಪ್ ನೆಕ್ ಹೊಲಿದುಕೊಡುವ ನಾನು, ನನ್ನ ರವಿಕೆಗೆ ಮಾತ್ರ ಟೀಚರಮ್ಮನ ಹಾಗೆ ಕಾಲರು ಇಟ್ಟುಕೊಳ್ಳುತ್ತಿದ್ದೆ.

ಹಾಗಂತ ಪಥ್ಯ ಮಾಡುತ್ತಿರಲಿಲ್ಲ ಎಂದಲ್ಲ. ನಮ್ಮ ಮನೆಯಲ್ಲಿ ಪಥ್ಯಕ್ಕೇನೂ ಕೊರತೆ ಇರಲಿಲ್ಲ. ಮಾವನವರಿಗೂ ಸಕ್ಕರೆ ಇತ್ತು. ಡಾಕ್ಟರು "ಸಕ್ಕರೆ ಬಿಡಬೇಕು" ಎಂದ ದಿನದಿಂದ ಅತ್ತೆ ಮನೆಯೊಳಕ್ಕೆ ಒಂದು ಕಾಳು ಸಕ್ಕರೆ ಬಿಟ್ಟುಕೊಂಡಿರಲಿಲ್ಲ. ಮಾವನವರಿಗೆ ದಿನಕ್ಕೆ ನಾಲ್ಕು ಲೋಟ ಕಾಫಿ, ನಾಲ್ಕಕ್ಕೂ ಬೆಲ್ಲ. ಅನ್ನ ಬೇಡವೆಂದು ಮೂರು ಹೊತ್ತೂ ಮುದ್ದೆ, ಒಂದೊಂದು ಮುದ್ದೆ ಸಣ್ಣ ತೆಂಗಿನಕಾಯಿ ಗಾತ್ರ. "ಬೆಲ್ಲ ರಕ್ತ ಊರಿಸ್ತದೆ, ಇಟ್ಟು ತಿಂದೋನು ಬೆಟ್ಟ ಕಿತ್ತಾನು" ಎನ್ನುತ್ತಿದ್ದರು ಅತ್ತೆ. ಮಾವನವರ ಕಾಲಿನ ಹೆಬ್ಬೆರಳಿನ ಗಾಯ ಮಾಯಲಿಲ್ಲ. ಮೊದಲು ಬೆರಳು ಹೋಯಿತು, ಆಮೇಲೆ ಪಾದ ಹೋಯಿತು, ಆಮೇಲೆ ಅವರೇ ಹೋದರು. ನಾನು ಹೇಳುತ್ತಿರುವ ಮಳೆಗಾಲಕ್ಕೆ ಅವರು ಹೋಗಿ ಎರಡು ವರ್ಷ. ನನಗೆ ಕಾಯಿಲೆ ಬಂದಾಗ ಅದೇ ಪಥ್ಯ ನನ್ನ ಪಾಲಿಗೂ ಬಂದಿತ್ತು. ಅದೇ ನಾಲ್ಕು ಲೋಟ, ಅದೇ ಬೆಲ್ಲ, ಅದೇ ಗಾತ್ರದ ಮುದ್ದೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಊಟ ಬಲ್ಲವರೇ.

ಆಷಾಢದಲ್ಲಿ ಒಂದು ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ದಾರದ ತುದಿಯನ್ನು ನಾಲಿಗೆಗೆ ಒತ್ತಿ, ಹಲ್ಲಲ್ಲಿ ಕಡಿದು, ಬಾಗಿಲ ಬೆಳಕಿಗೆ ಹಿಡಿದು, ಏನೇನೆಲ್ಲ ಮಾಡಿದೆ. ಸೂಜಿಯ ಕಣ್ಣು ಕಾಣುವುದೇ ಇಲ್ಲ. ಹುಣಸೂರಿಗೆ ಹೋಗಿ ಕಣ್ಣಿನ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಕಣ್ಣಿಗೆ ಔಷಧಿ ಬಿಟ್ಟು, ಬಹಳ ಹೊತ್ತು ನೋಡಿ, ಬಲಗಣ್ಣಿನ ಹಿಂದೆ ಸಣ್ಣಗೆ ರಕ್ತ ಜಿನುಗಿದೆ ಎಂದರು.

"ಏನು ತಿಂತೀರಿ ದಿನಕ್ಕೆ?"

"ಸಕ್ಕರೆ ಮುಟ್ಟೇ ಇಲ್ಲ ಮೇಡಂ. ಬರೀ ಬೆಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎಷ್ಟು ಬೆಲ್ಲ, ಎಷ್ಟು ಮುದ್ದೆ ಎಂದು ಕೇಳಿದರು. ನಾನು ಕೈ ಅಗಲಿಸಿ ಗಾತ್ರ ತೋರಿಸಿದೆ.

"ನೋಡಮ್ಮ, ಬೆಲ್ಲ, ಸಕ್ಕರೆ ಎರಡೂ ಒಂದೇ ಕಬ್ಬಿನ ಮಕ್ಕಳು. ಮುದ್ದೆ ಒಳ್ಳೇದೇ, ಆದ್ರೆ ಅಷ್ಟು ತಿಂದ್ರೆ ಅದೂ ಒಳಗೆ ಹೋಗಿ ಸಕ್ಕರೆನೇ ಆಗುತ್ತೆ. ಮೂರು ತಿಂಗಳು ಟೈಮ್ ಕೊಡ್ತೀನಿ. ಮಾತ್ರೆ ತಪ್ಪಿಸಬೇಡಿ, ಊಟ ಬದಲಾಯಿಸಿ, ನಡೀರಿ. ಹಿಡಿತಕ್ಕೆ ಬಂದ್ರೆ ಇದು ಇಲ್ಲಿಗೇ ನಿಲ್ಲಬಹುದು. ಬರಲಿಲ್ಲ ಅಂದ್ರೆ ಹೊಲಿಗೆ ಮರೆತುಬಿಡಿ."

ಔಷಧಿ ಬಿಟ್ಟ ಕಣ್ಣಿಗೆ ಬಸ್‌ಸ್ಟ್ಯಾಂಡಿನ ಬೋರ್ಡುಗಳೆಲ್ಲ ಕಲಸಿಕೊಂಡು ಕಾಣುತ್ತಿದ್ದವು. ಯಾರನ್ನೋ ಕೇಳಿ ಬಸ್ಸು ಹತ್ತಿದೆ. ನನಗೆ ಭಯವಾದರೆ ಅದು ಸಿಟ್ಟಾಗಿ ಹೊರಗೆ ಬರುತ್ತದೆ, ಹುಟ್ಟುಗುಣ. ಮನೆಗೆ ಬಂದವಳೇ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ.

"ಬೆಲ್ಲನೂ ಸಕ್ರೆನೂ ಒಂದೇ ಅಂತೆ ಕಣತ್ತೆ. ಇಷ್ಟು ವರ್ಸ ನಾನು ಕುಡಿದದ್ದೆಲ್ಲ ವಿಷ!"

ಅತ್ತೆ ಮುದ್ದೆ ತೊಳಸುತ್ತಿದ್ದರು. ಕೋಲು ಹಿಡಿದ ಕೈ ನಿಂತಿತು. ಹಿಟ್ಟು ತಳ ಹಿಡಿಯುವ ವಾಸನೆ ಬಂತು. ಅತ್ತೆಯ ಕೈಯಲ್ಲಿ ಮುದ್ದೆ ಸೀದದ್ದನ್ನು ನಾನು ಅವತ್ತೇ ನೋಡಿದ್ದು.

"ಆ ಡಾಕ್ಟ್ರಮ್ಮಂಗೆ ಏನ್ ಗೊತ್ತು, ಕಣ್ಣಿನ್ ಡಾಕ್ಟ್ರು ಒಟ್ಟೆ ವಿಸ್ಯ ಯಾಕ್ ಮಾತಾಡ್ತಾಳೆ?" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದರು. ನನ್ನ ಬಾಯಿಗೆ ಬೀಗ ಇಲ್ಲ ಎಂದು ನಮ್ಮವರು ಹೇಳುವುದು ಸುಮ್ಮನೆ ಅಲ್ಲ. ಆದರೆ ಆ ಮಾತು ಎಲ್ಲಿಗೆ ಹೋಗಿ ನಾಟಿತು ಎಂದು ಅವತ್ತು ನನಗೆ ಹೊಳೆಯಲಿಲ್ಲ.

ಮಾರನೆಯ ದಿನದಿಂದ ಅಂಗೈಯಲ್ಲಿ ಮುಚ್ಚಿಡುವಷ್ಟು ಒಂದೇ ಮುದ್ದೆ. ಅದರ ಜೊತೆಗೆ ತಟ್ಟೆ ತುಂಬ ಸೊಪ್ಪು, ಹುರುಳಿಕಾಳು, ಒಂದು ಮೊಟ್ಟೆ, ನೀರು ಮಜ್ಜಿಗೆ. ರಾತ್ರಿಗೆ ಮುದ್ದೆಯೂ ಇಲ್ಲ, ಉಪ್ಪೆಸರಿನ ಕಾಳು, ಸೊಪ್ಪು ಅಷ್ಟೇ. ಕಾಫಿಗೆ ಏನೂ ಇಲ್ಲ. ಆ ಮೊದಲ ಕಾಫಿಯನ್ನು ಬಾಯಿಗಿಟ್ಟವಳು ಹಿತ್ತಲಿಗೆ ಹೋಗಿ ಉಗುಳಿ ಬಂದೆ.

ಹಸಿವೆಂದರೆ ಏನೆಂದು ನನಗೆ ಗೊತ್ತಾದದ್ದು ಆಗಲೇ. ಮಧ್ಯಾಹ್ನ ಮೂರು ಗಂಟೆಗೆ ಹೊಟ್ಟೆ ತಾಳ ಹಾಕಲು ಶುರು ಮಾಡಿತೆಂದರೆ ಮೆಷಿನ್ನಿನ ಮುಂದೆ ಕೂರಲು ಆಗುತ್ತಿರಲಿಲ್ಲ. ಎದ್ದು ಬಾಗಿಲಿಗೆ ಬರುವುದು, ರಸ್ತೆ ನೋಡುವುದು, ಒಳಗೆ ಹೋಗುವುದು, ನೀರು ಕುಡಿಯುವುದು, ಮತ್ತೆ ಬಾಗಿಲಿಗೆ ಬರುವುದು. ಎದುರಿನ ಹೋಟೆಲಿನವನು ಬೋಂಡ ಕರಿಯುತ್ತಿದ್ದ. ಆ ಬಾಣಲೆಯ ಮೇಲೆ ನನಗಿದ್ದ ದ್ವೇಷ ಯಾವ ಶತ್ರುವಿನ ಮೇಲೂ ಇರಲಿಲ್ಲ. ಅಳತೆ ಕೊಡಲು ಬಂದವರ ಮೇಲೆ ರೇಗಿದೆ. ಇದ್ದಕ್ಕಿದ್ದ ಹಾಗೆ ಅತ್ತುಬಿಟ್ಟೆ. ನಮ್ಮವರು ಬ್ಯಾರನ್ನಿಗೆ, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆಗೆ, ಬೆಂಕಿ ಹಾಕಿ ಸುಸ್ತಾಗಿ ಬಂದು "ಏನಾದ್ರೂ ಕೊಡು" ಎಂದರೆ ಆ "ಏನಾದ್ರೂ" ಎನ್ನುವ ಪದಕ್ಕೇ ಜಗಳ ತೆಗೆದೆ.

ಇಷ್ಟು ಕಷ್ಟಪಟ್ಟರೂ ಕಣ್ಣು ಸರಿಹೋಗಲಿಲ್ಲ. ಮೊದಲ ತಿಂಗಳು ಇನ್ನೂ ಮಂಜಾಯಿತು. ಒಂದು ದಿನ ದೂರದ್ದು ಕಾಣುತ್ತಿತ್ತು, ಹತ್ತಿರದ್ದು ಇಲ್ಲ. ಇನ್ನೊಂದು ದಿನ ಅದು ತಿರುಗಾಮುರುಗ. ಹೆದರಿ ಹುಣಸೂರಿಗೆ ಓಡಿದರೆ, ಸಕ್ಕರೆ ಇಳಿಯುವಾಗ ಕೆಲವರಿಗೆ ಹೀಗಾಗುತ್ತದೆ, ಕನ್ನಡಕ ಮಾಡಿಸಲು ಅವಸರ ಬೇಡ, ತಡಕೊಳ್ಳಿ ಎಂದು ಡಾಕ್ಟರಮ್ಮ ಕಳಿಸಿದರು. ತಡಕೊಳ್ಳುವುದೊಂದು ಬಿಟ್ಟು ಬೇರೆ ಏನು ಬೇಕಾದರೂ ಹೇಳಿ, ಮಾಡುತ್ತೇನೆ. ಅದೇ ವಾರ ಒಬ್ಬಳ ಮದುವೆ ರವಿಕೆಗೆ ಬಲತೋಳನ್ನು ಎಡಕ್ಕೆ, ಎಡತೋಳನ್ನು ಬಲಕ್ಕೆ ಕೂರಿಸಿಬಿಟ್ಟೆ. ಬಿಚ್ಚುತ್ತಾ ಕೂತು ಅತ್ತುಬಿಟ್ಟೆ. ಹೊಲಿಗೆ ಹೋದರೆ ನಾನು ಯಾರು? ಹೊಗೆಸೊಪ್ಪಿನ ಎಲೆಯನ್ನು ಕಡ್ಡಿಗೆ ಕಟ್ಟುವ ಹತ್ತು ಹೆಂಗಸರಲ್ಲಿ ಹನ್ನೊಂದನೆಯವಳು. ಅದಕ್ಕೂ ಕಣ್ಣು ಬೇಕು.

ಮೈ ಮಾತ್ರ ಇಳಿಯತೊಡಗಿತು. ಶ್ರಾವಣದ ಹೊತ್ತಿಗೆ ನನ್ನ ರವಿಕೆಗಳೆಲ್ಲ ಜೋಲಾದವು. ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಇಂಚು ಒಳಗೆ ಹಾಕಿದೆ. ಹದಿನೈದು ದಿನ ಬಿಟ್ಟು ಇನ್ನರ್ಧ ಇಂಚು. ಟೇಪು ಸುಳ್ಳು ಹೇಳುವುದಿಲ್ಲ. ಬೇರೆಯವರಿಗೆಲ್ಲ ವರ್ಷ ವರ್ಷ ರವಿಕೆ ಅಗಲ ಮಾಡಿಕೊಡುವ ನಾನು, ನನ್ನದನ್ನು ಚಿಕ್ಕದು ಮಾಡುತ್ತಾ ಒಬ್ಬಳೇ ನಗುತ್ತಿದ್ದೆ. ಬಳೆ ಮೊಣಕೈವರೆಗೂ ಜಾರಿ ಹೋಗುತ್ತಿತ್ತು. ಕೆನ್ನೆ ಒಳಗೆ ಹೋಯಿತು.

ನಗು ಬಹಳ ದಿನ ಉಳಿಯಲಿಲ್ಲ. ಪಟ್ಟಣದಲ್ಲಿ ಸಣ್ಣಗಾದರೆ "ಏನ್ ಚೆನ್ನಾಗಾಗಿದೀರ" ಅಂತಾರಂತೆ. ನಮ್ಮ ಕಡೆ ಸಣ್ಣಗಾದವರನ್ನು ಕಂಡರೆ ಸಾವಿನ ಮನೆಯ ಮುಖ ಮಾಡುತ್ತಾರೆ. ಪಕ್ಕದ ಮನೆ ಸಾಕಮ್ಮ ಅಂಗಡಿಗೇ ಬಂದು ಕೂತಳು.

"ಏನಮ್ಮಿ ಕಮ್ಲಿ, ಇಂಗ್ ಒಣಗೋದೆ! ಡಾಕ್ಟ್ರು ಏನಂದ್ರು? ಮುಚ್ಚಿಡ್ಬ್ಯಾಡ ಕಣವ್ವ, ನಮ್ತಾವ ಯೋಳ್ಕೊ."

"ಊಟ ಕಮ್ಮಿ ಮಾಡಿವ್ನಿ, ಅಷ್ಟೇ ಕಣಕ್ಕ."

"ಊಟ ಕಮ್ಮಿ ಮಾಡೋದಾ? ಮನೇಲಿ ಅಂತಾದ್ದೇನ್ ಬಂತು? ನಿಂಗಮ್ಮ ಒಟ್ಟೆಗೆ ಇಕ್ಕಾಕಿಲ್ವಾ?"

ಆ ಮಾತು ನನಗಿಂತ ಮೊದಲು ಮನೆ ತಲುಪಿತ್ತು. ಅತ್ತೆ ನನ್ನ ಜೊತೆ ಮಾತು ನಿಲ್ಲಿಸಿದರು. ನಿಲ್ಲಿಸಿದರೂ ಬಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಕೈ ಅಡ್ಡ ಹಿಡಿದರೂ ತಟ್ಟೆಗೆ ಇನ್ನೊಂದು ಮುದ್ದೆ ಬೀಳುತ್ತಿತ್ತು. ನಾನು ಎತ್ತಿ ನಮ್ಮವರ ತಟ್ಟೆಗೆ ಹಾಕುತ್ತಿದ್ದೆ. ಅವರು ಇಬ್ಬರ ಮುಖವನ್ನೂ ನೋಡದೆ ನುಂಗುತ್ತಿದ್ದರು. ಆ ಮಳೆಗಾಲ ನಾನು ಇಳಿಸಿದ ತೂಕವನ್ನೆಲ್ಲ ಅವರು ಏರಿಸಿಕೊಂಡರು. ಊರವರ ಬಾಯಿಗೆ ಹೆದರಿ ಅತ್ತೆ ಹೀಗೆ ಮಾಡುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಗೌರಿ ಹಬ್ಬದ ಹಿಂದಿನ ದಿನ ನಾನು ಸೋತೆ. ಅಂಗಡಿಯಲ್ಲಿ ಬೆಳಗಿನಿಂದ ರವಿಕೆಗಳ ರಾಶಿ. ಕೆಲವರು ಮಾತ್ರ, ನನಗೆ ಏನೋ ದೊಡ್ಡ ಕಾಯಿಲೆ ಎಂಬ ಸುದ್ದಿ ನಂಬಿ, ಬಟ್ಟೆಯನ್ನು ಹುಣಸೂರಿಗೆ ಕೊಟ್ಟಿದ್ದರು. ಕಣ್ಣು ಉರಿ, ತಲೆ ಸಿಡಿತ. ಮನೆಗೆ ಬಂದರೆ ಒಬ್ಬಟ್ಟಿಗೆಂದು ಬೆಲ್ಲದ ಅಚ್ಚು ಒಡೆದು ಮೊರದಲ್ಲಿ ಇಟ್ಟಿತ್ತು. ಏನು ಮಾಡುತ್ತಿದ್ದೇನೆಂದು ಯೋಚಿಸಲೇ ಇಲ್ಲ. ಕೈಗೆ ಬಂದ ಗಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬ್ಯಾರನ್ನಿನ ಹಿಂದಕ್ಕೆ ಹೋಗಿ, ಸೌದೆ ರಾಶಿಯ ಮರೆಯಲ್ಲಿ ನಿಂತು ತಿಂದೆ. ಕಡಿದು ಕಡಿದು ತಿಂದೆ. ಬೇಯುತ್ತಿದ್ದ ಹೊಗೆಸೊಪ್ಪಿನ ಘಾಟು ಮೂಗಿಗೆ, ಬೆಲ್ಲ ನಾಲಿಗೆಗೆ. ತಲೆಯೆತ್ತಿದರೆ ಎದುರಿಗೆ ಅತ್ತೆ.

ಬೈಯುತ್ತಾರೆ ಎಂದುಕೊಂಡೆ. ಅತ್ತೆಯ ಮುಖ ಅರಳಿತು. ಎಷ್ಟೋ ವಾರದ ಮೇಲೆ ಮಾತಾಡಿದರು.

"ತಿನ್ನು, ತಿನ್ನು. ಏನೂ ಆಗಾಕಿಲ್ಲ. ಇನ್ನೊಂದ್ ಚೂರ್ ತಂದ್ಕೊಡ್ಲಾ?"

ನನಗೆ ಆ ಸಂತೋಷ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಹೆದರಿಕೆಯಾಯಿತು. ಬಾಯಲ್ಲಿದ್ದುದನ್ನು ಉಗುಳಿ, ಕೈ ತೊಳೆದುಕೊಂಡು ಒಳಗೆ ಹೋದೆ. ಅತ್ತೆಯ ಮುಖ ಮತ್ತೆ ಮುಚ್ಚಿಕೊಂಡಿತು. ಮಾರನೆಯ ದಿನ ಗೌರಿಗೆ ಇಟ್ಟ ಒಬ್ಬಟ್ಟಿನಲ್ಲಿ ನಾನು ಒಂದು ತುಂಡನ್ನೂ ಮುಟ್ಟಲಿಲ್ಲ.

ಭಾದ್ರಪದ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಯಾರ ಜೊತೆಗೋ ಮಾತಾಡುತ್ತಾ ಸೂಜಿಗೆ ದಾರ ಪೋಣಿಸಿದೆ. ಪೋಣಿಸಿದ ಮೇಲೆ ಗೊತ್ತಾಯಿತು. ಬಿಚ್ಚಿ ಮತ್ತೆ ಪೋಣಿಸಿದೆ, ಆರು ಸಲ. ಬಂದಿದ್ದವಳು ನನಗೆ ತಲೆ ಕೆಟ್ಟಿತೆಂದು ತಿಳಿದಿರಬೇಕು. ಅವಳು ಹೋದ ಮೇಲೆ ಬಾಗಿಲು ಅರ್ಧ ಎಳೆದುಕೊಂಡು, ಕಾಲರಿನ ಹುಕ್ಸು ಬಿಚ್ಚಿ, ಕೈಗನ್ನಡಿಯನ್ನು ಹಿಂದೆ ಹಿಡಿದು ಗೋಡೆಯ ಕನ್ನಡಿಯಲ್ಲಿ ಕತ್ತು ನೋಡಿಕೊಂಡೆ. ಮಖಮಲ್ಲು ಹೋಗಿತ್ತು. ಪೂರ್ತಿ ಅಲ್ಲ, ಬಟ್ಟೆಯ ಮೇಲೆ ಒಗೆದರೂ ಉಳಿಯುವ ಕಲೆಯಷ್ಟು ಇತ್ತು. ಆ ವಾರವೇ ಹುಣಸೂರಿನಲ್ಲಿ ರಕ್ತ ಕೊಟ್ಟು ಬಂದೆ. ಮೂರು ತಿಂಗಳ ಸರಾಸರಿ ಸಕ್ಕರೆ ಹತ್ತರ ಮೇಲಿದ್ದದ್ದು ಏಳಕ್ಕೆ ಬಂದಿತ್ತು. ಕಣ್ಣಿನ ಹಿಂದಿನ ಜಿನುಗು ನಿಂತಿದೆ, ಹೀಗೇ ಇಟ್ಟುಕೊಳ್ಳಿ ಎಂದರು ಡಾಕ್ಟರಮ್ಮ.

ಮನೆಗೆ ಬಂದು ಚೀಟಿಯನ್ನು ನಮ್ಮವರಿಗೆ ಓದಿ ಹೇಳಿದೆ, ಅತ್ತೆಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ. ಗೆದ್ದವಳ ಗತ್ತು ಇತ್ತು ನನಗೆ. ಅತ್ತೆ ಅಲಸಂದೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಅವತ್ತು ಅವರು ಊಟವನ್ನೂ ಮಾಡಲಿಲ್ಲ.

ನಾಲ್ಕು ದಿನಕ್ಕೆ ಮಾರ್ಲಮಿ ಹಬ್ಬ ಬಂತು, ಸತ್ತ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ. ಯಾರಿಗೆ ಏನು ಇಷ್ಟವೋ ಅದನ್ನು ಇಡಬೇಕು. ಮಾವನವರ ಪಂಚೆ, ಷರಟು ಮಡಿಸಿಟ್ಟು, ಮುಂದೆ ಎಲೆ ಹಾಸಿ, ಬಾಡು, ಮುದ್ದೆ, ಕಜ್ಜಾಯ, ಒಂದು ಕಟ್ಟು ಬೀಡಿ, ಅವರದೇ ಹಿತ್ತಾಳೆ ಲೋಟದ ತುಂಬ ಬೆಲ್ಲದ ಕಾಫಿ. ದೀಪ ಹಚ್ಚಿ, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಒಳಗೆ ಹಿರಿಯರು ಉಣ್ಣುತ್ತಿರುತ್ತಾರೆ. ಅವರು ಉಂಡು ಏಳುವವರೆಗೆ ಬಾಗಿಲು ತೆಗೆಯಬಾರದು.

ಸಂಜೆ ಇನ್ನೂ ಬೆಳಕಿತ್ತು. ನಮ್ಮವರು ಅಂಗಳದಲ್ಲಿ ನಿಂತಿದ್ದರು. ಅತ್ತೆ, ನಾನು ಜಗಲಿಯ ಮೇಲೆ ಕೂತೆವು. ಅವರು ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೇಳಿದರು.

"ಕಮ್ಲಿ, ಕಣ್ಣು ಈಗ ಸರ್ಯಾಗ್ ಕಾಣ್ತದಾ?"

"ಕಾಣ್ತದೆ ಕಣತ್ತೆ."

"ಬೆಲ್ಲ ಬುಟ್ಟಿದ್ಕಾ?"

"ಅದೊಂದೇ ಅಲ್ಲ. ಮಾತ್ರೆ ತಕೊಂಡೆ, ನಡೆದೆ..."

"ಮಾತ್ರೆ ನಿಮ್ಮಾವಂಗೆ ಒಂದಿನ ತಪ್ಪಿಸ್ನಿಲ್ಲ ನಾನು. ಒಲದಲ್ಲಿ ಅವ್ರು ನಡೀದಿರೋ ದಿನ ಇಲ್ಲ. ಬುಡದೆ ಇದ್ದುದ್ದು ಬೆಲ್ಲ ಒಂದೇ ಕಣವ್ವ." ಅವರ ಕೈ ಸೆರಗಿನ ಅಂಚನ್ನು ಹೊಸೆಯುತ್ತಿತ್ತು. "ನೀನು ಅವತ್ತು ವಿಸ ಅಂದೆ. ಅವತ್ತಿಂದ ನಂಗೆ ಉಂಡದ್ದು ಸೇರ್ನಿಲ್ಲ. ನಿಂಗೆ ವಾಸಿಯಾಗ್ದೆ ಇದ್ರೆ ಸಾಕು ಅಂತ ಒಂದೊಂದ್ ಸಲ ಅನ್ಕಂಡಿವ್ನಿ. ಬ್ಯಾರನ್ ಇಂದೆ ನೀನು ಬೆಲ್ಲ ತಿಂತಿದ್ಯಲ್ಲ, ಆಗ ನಂಗೆ ಕುಸಿಯಾಯ್ತು. ಈಗ ನೀನು ವಾಸಿಯಾಗೋದೆ. ಯೋಳು, ಅವ್ರಿಗೆ ನಾನೇ ಕುಡಿಸ್ನಾ?"

ಮೂರು ತಿಂಗಳು ನಾನು ಗೆಲ್ಲುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಅರ್ಧ ಇಂಚು, ಅರ್ಧ ಇಂಚು ಇಳಿದಂತೆಲ್ಲ ಈ ಜೀವ ಒಳಗೆ ಏನು ಅನುಭವಿಸುತ್ತಿತ್ತು ಎಂದು ಒಂದು ಸಲವೂ ನೋಡಲಿಲ್ಲ.

"ಗೊತ್ತಿದ್ದು ಕೊಟ್ಟಿಲ್ವಲ್ಲತ್ತೆ," ಎಂದೆ. "ನಾನೂ ಕುಡೀಲಿಲ್ವಾ, ನಂಗೂ ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಕೊಟ್ರೆ ಅದು ಸುಮ್ಕೆ ಬುಟ್ಬುಡ್ತದಾ?"

ಅಷ್ಟು ಹೇಳಿ ಎದ್ದರು. ಸೀದಾ ಬಾಗಿಲಿಗೆ ಹೋಗಿ ಚಿಲಕಕ್ಕೆ ಕೈ ಹಾಕಿದರು. ಅಂಗಳದಿಂದ ನಮ್ಮವರು ಕೂಗಿದರು.

"ಅವ್ವಾ, ಇನ್ನೂ ಒತ್ತಾಗಿಲ್ಲ! ಅಪ್ಪ ಉಣ್ತಾವ್ರೆ, ತೆಗೀಬ್ಯಾಡ!"

"ಒಳಗಿರೋದು ನನ್ ಗಂಡ. ನಂಗ್ಯಾಕ್ಲಾ ಬಾಗ್ಲು?"

ನಾನು ಹಿಂದೆಯೇ ಹೋದೆ. ಅತ್ತೆ ಎಡೆಯಿಂದ ಹಿತ್ತಾಳೆ ಲೋಟ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಬೆಲ್ಲದ ಕಾಫಿಯನ್ನು ತೆಂಗಿನ ಬುಡಕ್ಕೆ ಸುರಿದರು. ಲೋಟ ತೊಳೆದರು. ಒಲೆಯ ಮೇಲೆ ನೀರಿಟ್ಟು, ಪುಡಿ ಹಾಕಿ, ಹಾಲು ಬೆರೆಸಿದರು. ಬೆಲ್ಲದ ಡಬ್ಬಿ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ರೂಢಿಯ ಕೈ ಆ ಕಡೆ ಹೋಗಿ, ನಿಂತು, ಹಿಂದಕ್ಕೆ ಬಂತು. ಲೋಟವನ್ನು ಎಡೆಯ ಮುಂದೆ ಇಟ್ಟು, ಪಂಚೆಯ ಅಂಚನ್ನು ಸರಿಮಾಡಿ, "ಕುಡೀರಿ, ಬೈಬ್ಯಾಡಿ" ಎಂದರು. ನಾವು ಹೊರಗೆ ಬಂದು ಮತ್ತೆ ಬಾಗಿಲು ಮುಚ್ಚಿದೆವು.

ಬಾಗಿಲು ತೆಗೆದ ಮೇಲೆ ಎಡೆಯನ್ನು ಎಲ್ಲರೂ ಹಂಚಿಕೊಂಡು ತಿನ್ನಬೇಕು. ನನಗೆ ಬಂದ ಕಜ್ಜಾಯದಿಂದ ಅತ್ತೆಯೇ ಒಂದು ಚೂರು ಮುರಿದು ನನ್ನ ಬಾಯಿಗಿಟ್ಟು, ಉಳಿದದ್ದನ್ನು ಮಗನ ಎಲೆಗೆ ಹಾಕಿದರು. ಹಿತ್ತಾಳೆ ಲೋಟವನ್ನು ಮಾತ್ರ ತಾವೇ ತೆಗೆದುಕೊಂಡು ಬಾಗಿಲ ಹೊಸ್ತಿಲ ಹತ್ತಿರ ಕೂತರು. ಕಾಫಿ ಆಗಲೇ ಆರಿಹೋಗಿತ್ತು. ಒಂದು ಗುಟುಕು ಕುಡಿದು ಮುಖ ಕಿವಿಚಿದರು.

"ಇದ್ನ ಕೊಟ್ಟಿದ್ರೆ ದಿನಾ ಬೈತಿದ್ರು ನನ್ನ," ಎಂದರು.

ಇನ್ನೊಂದು ಗುಟುಕು ಕುಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬೈಸ್ಕಂಡಿದ್ರೆ ಆಯ್ತಿತ್ತು ಕಣವ್ವ."